ದೂರವನ್ನು ಕೊರೆಯುವ ಕೈ

ಅಡಿಲೇಡ್‌ನ ದಕ್ಷಿಣಕ್ಕೆ, ಗುಡ್ಡದ ತಪ್ಪಲಿನ ಬೆಡ್‌ಫರ್ಡ್ ಪಾರ್ಕ್‌ನಲ್ಲಿ 1966ರಲ್ಲಿ ಫ್ಲಿಂಡರ್ಸ್ ವಿಶ್ವವಿದ್ಯಾಲಯ ಆರಂಭವಾಯಿತು. ಅಲ್ಲಿನ ಕಲಾ ಸಂಗ್ರಹಾಲಯದಲ್ಲಿ ಶತಮಾನಗಳ ಯುರೋಪಿಯನ್ ಮುದ್ರಣಚಿತ್ರಗಳಿವೆ. ವಿಶ್ವವಿದ್ಯಾಲಯಕ್ಕೆ ತನ್ನ ಹೆಸರು ಕೊಟ್ಟ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ಗೂ ಈ ಕಲೆಗೂ ನಂಟುಂಟು. 1801ರಲ್ಲಿ ಹೊರಟ ಅವನ ‘ಇನ್ವೆಸ್ಟಿಗೇಟರ್’ ಹಡಗಿನಲ್ಲಿ ಭೂದೃಶ್ಯ ಬರೆಯಲೆಂದೇ ಹತ್ತೊಂಬತ್ತರ ವಿಲಿಯಂ ವೆಸ್ಟಾಲ್ ಇದ್ದ. ಅವನ ಪೋರ್ಟ್ ಲಿಂಕನ್, ಕಾಂಗರೂ ದ್ವೀಪದ ನೋಟಗಳು ತಾಮ್ರದ ಫಲಕಕ್ಕೇರಿ 1814ರಲ್ಲಿ ಫ್ಲಿಂಡರ್ಸನ ಪ್ರವಾಸಗ್ರಂಥದಲ್ಲಿ ಅಚ್ಚಾದವು.

ವೆಸ್ಟಾಲ್ ಬಣ್ಣದಲ್ಲಿ ಬರೆದದ್ದನ್ನು ಕೆತ್ತನೆಗಾರ ಕಪ್ಪು ಗೆರೆಯೊಂದರಲ್ಲೇ ಹೇಳಬೇಕು. ಉಳಿ ನೇಗಿಲಿನಂತೆ ತಾಮ್ರದಲ್ಲಿ ಸಾಲು ಹೊಡೆಯುತ್ತದೆ. ಸಾಲಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದರೆ ಆಳದ ಗೆರೆ ದಪ್ಪಗೆ, ತೆಳು ಗೆರೆ ಮಸುಕಾಗಿ ಮೂಡುತ್ತದೆ. ಹತ್ತಿರದ ಬಂಡೆಗೆ ಒತ್ತೊತ್ತಾದ ಅಡ್ಡಗೆರೆ, ದೂರದ ಬೆಟ್ಟಕ್ಕೆ ಕೂದಲೆಳೆಯ ಗೆರೆ, ಬೆಳಕಿಗೆ ಬರಿಯ ಕಾಗದ. ಫಲಕದಲ್ಲಿ ಎಡ ಬಲವಾಗಿ ಕೊರೆದರೇ ಕಾಗದದಲ್ಲಿ ಸರಿಯಾಗುತ್ತದೆ. ತಪ್ಪಿದರೆ ತಿದ್ದುವುದು ಸುಲಭವಲ್ಲ.

ಅದೇ ಆಸ್ಟ್ರೇಲಿಯಾದ ನೆಲವನ್ನು ಇಪ್ಪತ್ತನೆಯ ಶತಮಾನದಲ್ಲಿ ಕಲಾವಿದ ಫ್ರೆಡ್ ವಿಲಿಯಮ್ಸ್ ಬೇರೆಯಾಗಿ ಕಂಡ. ಲಂಡನ್ನಿನಲ್ಲಿ ಎಚ್ಚಿಂಗ್ ಕಲಿತು ಮರಳಿದ ಅವನು 1960ರ ದಶಕದಲ್ಲಿ ಮೆಲ್ಬರ್ನ್ ಬಳಿಯ ಯೂ ಯಾಂಗ್ಸ್ ಬೆಟ್ಟಗಳನ್ನು ಬರೆದ. ಮೇಣ ಬಳಿದ ಫಲಕದ ಮೇಲೆ ಗೀಚಿ, ಆಮ್ಲದಲ್ಲಿ ಕೊರೆಯಿಸುವ ವಿಧಾನ ಅವನದು. ದಿಗಂತವನ್ನು ತೀರ ಮೇಲಕ್ಕೆ ತಳ್ಳಿದ, ಕೆಲವೆಡೆ ತೆಗೆದೇಬಿಟ್ಟ. ಉಳಿದದ್ದು ಚುಕ್ಕೆ, ಗಿಡ್ಡ ಗೀರು. ಆದರೂ ನೀಲಗಿರಿ ಮರಗಳು ಚೆದುರಿದ ಒಣನೆಲವೆಂದು ತಿಳಿಯುತ್ತದೆ. ವೆಸ್ಟಾಲನ ನೋಟಗಳ ಕೆತ್ತನೆಯಲ್ಲಿ ಕಣ್ಣು ಒಳಕ್ಕೆ ನಡೆಯುತ್ತದೆ. ಇಲ್ಲಿ ಮೇಲ್ಮೈಯಲ್ಲೇ ಅಲೆಯುತ್ತದೆ.

ನಮಗೂ ಇಂಥ ಚಿತ್ರಗಳು ಹೊಸತಲ್ಲ. ಚಿತ್ರಕಾರ ರಾಬರ್ಟ್ ಹೋಮ್ ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಜೊತೆಗಿದ್ದು ಬರೆದ ಬೆಂಗಳೂರು, ಸಾವನದುರ್ಗಗಳ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಚರಿತ್ರೆಯ ಪುಸ್ತಕಗಳಲ್ಲಿ ಅವನ್ನು ‘ಆಗ ಹೀಗಿತ್ತು’ ಎಂಬ ಸಾಕ್ಷಿಯಾಗಿ ನೋಡುತ್ತೇವೆ. ಅಷ್ಟಕ್ಕೇ ನಿಲ್ಲಬೇಕಿಲ್ಲ. ದಿಗಂತ ಎಲ್ಲಿದೆ, ಆಕಾಶಕ್ಕೆ ಎಷ್ಟು ಗೆರೆ, ಕಾಗದ ಎಲ್ಲಿ ಖಾಲಿ ಎಂದು ಕೇಳಿಕೊಳ್ಳಿ. ಬೆಟ್ಟ ಎಷ್ಟು ಎತ್ತರ ಕಾಣಬೇಕೆಂಬುದನ್ನು ಕಲ್ಲಷ್ಟೇ ಅಲ್ಲ, ಕೆತ್ತಿದವನೂ ನಿರ್ಧರಿಸಿದ್ದಾನೆ.