ಒರಗಿ ತುಳಿಯುವ ಸೈಕಲ್‌ಗೆ ಯಾವ ಚಕ್ರ?

ಪ್ರಶ್ನೆ: ರಿಕಂಬೆಂಟ್ ಸೈಕಲ್‌ನ 26 ಇಂಚಿನ ಹಿಂಚಕ್ರದ ಬದಲು 20 ಇಂಚಿನದು ಹಾಕಬಹುದೇ? ನಮ್ಮ ಕಡೆಯ ರಸ್ತೆಗೆ ಯಾವ ಮಾದರಿ ಒಳ್ಳೆಯದು?
— ಓದುಗರು, ಅಜ್ಜಂಪುರ

ಉತ್ತರ: ಡಿಸ್ಕ್ ಬ್ರೇಕ್ ಇದ್ದರೆ ಹಾಕಬಹುದು, ರಿಮ್ ಬ್ರೇಕ್ ಆದರೆ ಅದರ ರಬ್ಬರ್ ಚಿಕ್ಕ ರಿಮ್ಮಿಗೆ ಎಟುಕುವುದಿಲ್ಲ. ಟೈರಿನ ಬದಿಯ ಅಂಕಿಯನ್ನೂ ನೋಡಿ: 20 ಇಂಚು ಎಂಬ ಹೆಸರಿನಲ್ಲೇ 406 ಮತ್ತು 451 ಮಿ.ಮೀ. ಅಳತೆಗಳಿವೆ, ಒಂದರ ಟೈರು ಇನ್ನೊಂದಕ್ಕೆ ಕೂರದು. ಚಿಕ್ಕ ಚಕ್ರದಿಂದ ಗೇರು ಹಗುರಾಗುತ್ತದೆ, ಗುಂಡಿಗಳಲ್ಲಿ ಕುಲುಕಾಟ ಹೆಚ್ಚುತ್ತದೆ.

ಕಡೂರು, ಅಜ್ಜಂಪುರದ ಬಯಲಿಗೆ ಗಾಳಿಯ ತಡೆ ಕಡಿಮೆಯಿರುವ ತಗ್ಗು ಮಾದರಿ ಸರಿ. ಫ್ರಾನ್ಸಿನ ಫ್ರಾನ್ಸಿಸ್ ಫೋರ್ 1933ರಲ್ಲಿ ರಿಕಂಬೆಂಟ್ ತುಳಿದೇ ಒಂದು ಗಂಟೆಯಲ್ಲಿ 45 ಕಿ.ಮೀ. ದಾಟಿದ್ದರು. ಆದರೆ ತರೀಕೆರೆಯಿಂದ ಕೆಮ್ಮಣ್ಣುಗುಂಡಿಯ ಏರು ಹತ್ತುವಾಗ ಎದ್ದು ನಿಂತು ತುಳಿಯಲಾಗದು, ಹಗುರ ಗೇರು ಬೇಕೇ ಬೇಕು. ಅದಕ್ಕೆ ಚಕ್ರ ಬದಲಿಸುವುದಕ್ಕಿಂತ ದೊಡ್ಡ ಹಲ್ಲುಚಕ್ರದ ಫ್ರೀವೀಲ್ ಹಾಕಿಸುವುದೇ ಜಾಣತನ.