ಕೇಳಿ: ಹಲ್ಲಿನ ಇಂಪ್ಲಾಂಟ್‌ಗೆ ಟೈಟಾನಿಯಂ ಗಟ್ಟಿಯೋ, ಜಿರ್ಕೋನಿಯಾ ಗಟ್ಟಿಯೋ?

ಇವತ್ತಿನ ಪ್ರಶ್ನೆ ಬಂದಿರೋದು ಮಡಿಕೇರಿ ಪಕ್ಕದ ಗಾಳಿಬೀಡಿನಿಂದ. ತಾಯಿಗೆ ಕೆಳದವಡೆಯಲ್ಲಿ ಇಂಪ್ಲಾಂಟ್ ಹಾಕಿಸಬೇಕು. ಒಬ್ಬ ಡಾಕ್ಟರ್ ಟೈಟಾನಿಯಂ ಅಂದಿದ್ದಾರೆ, ಇನ್ನೊಬ್ಬರು ಬಿಳಿ ಜಿರ್ಕೋನಿಯಾ ಅಂದಿದ್ದಾರೆ. ತಾಯಿಗೆ ಅಡಿಕೆ ಜಗಿಯೋ ಅಭ್ಯಾಸ ಬೇರೆ. ಹಾಗಾದ್ರೆ ಯಾವುದು ಗಟ್ಟಿ?

ಇಂಪ್ಲಾಂಟ್ ಅಂದ್ರೆ ದವಡೆ ಮೂಳೆಗೆ ಕೂರಿಸುವ ಸ್ಕ್ರೂ. ನಾವು ಸುಮ್ಮನೆ ‘ಗಟ್ಟಿ’ ಅಂದುಬಿಡ್ತೀವಿ. ಆದರೆ ಆ ಒಂದು ಮಾತಿನಲ್ಲಿ ಮೂರು ಬೇರೆ ಬೇರೆ ಗುಣಗಳಿವೆ.

ಮೊದಲನೆಯದು, ಬಗ್ಗದೆ ನಿಲ್ಲೋದು. ಮಳೆಗಾಲದ ಗಾಳಿಗೆ ಅಡಿಕೆ ಮರ ಬಾಗುತ್ತೆ, ಕಾಂಕ್ರೀಟ್ ಕಂಬ ಬಾಗಲ್ಲ. ಇದನ್ನು ಗಿಗಾಪ್ಯಾಸ್ಕಲ್‌ನಲ್ಲಿ ಅಳೆಯುತ್ತಾರೆ. ಮೂಳೆಯ ಗಟ್ಟಿ ಹೊರಪದರ ಸುಮಾರು 10ರಿಂದ 20. ಟೈಟಾನಿಯಂ 100ರಿಂದ 115. ಜಿರ್ಕೋನಿಯಾ 200ರ ಆಸುಪಾಸು. ಪೀಕ್ ಅನ್ನೋ ಪ್ಲಾಸ್ಟಿಕ್ ಬರೀ 3–4. ಸ್ಕ್ರೂ ತೀರಾ ಬಿಗಿಯಾಗಿದ್ದರೆ ಭಾರದ ಹೆಚ್ಚು ಪಾಲನ್ನು ಅದೇ ಹೊತ್ತುಕೊಳ್ಳುತ್ತೆ. ಕೆಲಸವಿಲ್ಲದ ಮೂಳೆ ಸವೆಯಬಹುದು, ಪ್ಲಾಸ್ಟರ್ ಹಾಕಿದ ಕೈ ಸೊರಗೋ ಹಾಗೆ. ಹಾಗಂತ ಪೀಕ್ ಒಳ್ಳೆಯದು ಅಂತಲ್ಲ. ಅದು ಬಾಗಿ, ಸ್ಕ್ರೂವಿನ ಕುತ್ತಿಗೆ ಹತ್ತಿರದ ಮೂಳೆ ಮೇಲೇ ಒತ್ತಡ ಹಾಕುತ್ತೆ. ಮೂಳೆ ಅದಕ್ಕೆ ತಾನಾಗಿ ಚೆನ್ನಾಗಿ ಅಂಟಿಕೊಳ್ಳಲ್ಲ. ಆದ್ದರಿಂದ ಪೀಕ್ ಹೆಚ್ಚಾಗಿ ತಾತ್ಕಾಲಿಕ ಭಾಗಗಳಿಗೆ ಸೀಮಿತ.

ಎರಡನೆಯದು, ಎಷ್ಟು ಭಾರ ತಾಳುತ್ತೆ ಅನ್ನೋದು. ಜಿರ್ಕೋನಿಯಾ ಬಾಗಿಸುವ ಪರೀಕ್ಷೆಯಲ್ಲಿ 900ರಿಂದ 1,200 ಮೆಗಾಪ್ಯಾಸ್ಕಲ್ ತಾಳುತ್ತೆ. ಶುದ್ಧ ಟೈಟಾನಿಯಂನ 4ನೇ ದರ್ಜೆ ಎಳೆಯುವ ಪರೀಕ್ಷೆಯಲ್ಲಿ ಕನಿಷ್ಠ 550. ಪರೀಕ್ಷೆಗಳೇ ಬೇರೆ, ಹಾಗಾಗಿ ನೇರ ಹೋಲಿಕೆ ಸರಿಯಲ್ಲ. ಜಾಹೀರಾತಿನಲ್ಲಿ ದೊಡ್ಡ ಅಂಕಿ ಕಂಡರೆ ಇದು ನೆನಪಿರಲಿ.

ಮೂರನೆಯದೇ ಮುಖ್ಯ: ಬಿರುಕನ್ನು ತಡೆಯೋ ಶಕ್ತಿ. ಸ್ಟೀಲ್ ಲೋಟ ಬಿದ್ದರೆ ನೆಗ್ಗುತ್ತೆ, ಪಿಂಗಾಣಿ ಕಪ್ ಬಿದ್ದರೆ ಒಡೆಯುತ್ತೆ. ಈ ಲೆಕ್ಕದಲ್ಲಿ ಜಿರ್ಕೋನಿಯಾ 5ರಿಂದ 10, ಟೈಟಾನಿಯಂ ಮಿಶ್ರಲೋಹ 50ಕ್ಕೂ ಹೆಚ್ಚು. ಜಿರ್ಕೋನಿಯಾಕ್ಕೆ ಒಂದು ಉಪಾಯ ಗೊತ್ತು. ಬಿರುಕಿನ ತುದಿಯಲ್ಲಿ ಅದರ ಹರಳುಗಳು ರೂಪ ಬದಲಿಸಿ ಉಬ್ಬಿ, ಬಿರುಕನ್ನು ಒತ್ತಿ ಹಿಡಿಯುತ್ತವೆ. ಆದರೆ ತೇವದಲ್ಲಿ ವರ್ಷಗಟ್ಟಲೆ ಇದ್ದಾಗ ಇದೇ ಬದಲಾವಣೆ ಮೇಲ್ಮೈಯಲ್ಲಿ ತಾನಾಗಿ ನಡೆದು ಬಲ ಕುಗ್ಗಬಹುದು. ಬಾಯಲ್ಲಿ ತೇವಕ್ಕೆ ಬರವೇ?

ಟೈಟಾನಿಯಂ ಒಡೆಯೋದೇ ಇಲ್ಲ ಅಂತಲ್ಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುವಂತೆ, ವರ್ಷಕ್ಕೆ ಲಕ್ಷಾಂತರ ಸಲ ಜಗಿದಾಗ ಅದೂ ದಣಿಯುತ್ತೆ. ಅದಕ್ಕೇ ಐಎಸ್‌ಒ 14801 ಮಾನದಂಡದಲ್ಲಿ ಇಂಪ್ಲಾಂಟನ್ನು 30 ಡಿಗ್ರಿ ಓರೆಯಾಗಿ ಹಿಡಿದು, ಲಕ್ಷಗಟ್ಟಲೆ ಸಲ ಒತ್ತಿ ನೋಡ್ತಾರೆ. ಆದರೂ ಟೈಟಾನಿಯಂನ ಅನುಭವ ದೊಡ್ಡದು. ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಹಾಕಿದ ಮೊದಲ ಇಂಪ್ಲಾಂಟ್‌ಗಳು, ಆ ರೋಗಿ 2006ರಲ್ಲಿ ತೀರಿಕೊಳ್ಳುವವರೆಗೂ ಇದ್ದವು.

ಹಾಗಾದ್ರೆ ಗಾಳಿಬೀಡಿನ ತಾಯಿಗೆ? ಹೆಚ್ಚು ಒತ್ತಡ ಬೀಳೋ ದವಡೆ ಹಲ್ಲಿಗೆ ಸಾಮಾನ್ಯವಾಗಿ ಟೈಟಾನಿಯಂ ಕಡೆಗೇ ತೂಕ ಹೆಚ್ಚು. ಮೂಳೆ ಕಿರಿದಾಗಿ ಸಣ್ಣ ಸ್ಕ್ರೂ ಬೇಕಾದರೆ ಟೈಟಾನಿಯಂ–ಜಿರ್ಕೋನಿಯಂ ಮಿಶ್ರಲೋಹವೂ ಇದೆ. ಬಿಳಿ ಜಿರ್ಕೋನಿಯಾ ಸ್ಕ್ರೂ, ವಸಡು ತೆಳುವಾಗಿ ಲೋಹದ ಬಣ್ಣ ಇಣುಕುವ ಮುಂದಿನ ಹಲ್ಲಿಗೆ ಯೋಚಿಸಬಹುದಾದದ್ದು.

ಡಾಕ್ಟರನ್ನು ಮೊದಲು ಒಂದು ಮಾತು ಕೇಳಿ: ಜಿರ್ಕೋನಿಯಾ ಅಂದದ್ದು ಒಳಗಿನ ಸ್ಕ್ರೂವೋ, ಮೇಲಿನ ಕ್ಯಾಪೋ? ಟೈಟಾನಿಯಂ ಸ್ಕ್ರೂ ಮೇಲೆ ಜಿರ್ಕೋನಿಯಾ ಕ್ಯಾಪ್ ಕೂರಿಸೋದು ಮಾಮೂಲು. ಇಬ್ಬರು ಡಾಕ್ಟರೂ ಒಂದೇ ಹೇಳಿರಬಹುದು! ಅನುಮಾನ ಉಳಿದರೆ ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿನಲ್ಲೂ ವಿಚಾರಿಸಬಹುದು.

ಇನ್ನು ಅಡಿಕೆ ವಿಷಯ ಮುಚ್ಚಿಡಬೇಡಿ. ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯೋದೇ ಕಷ್ಟವಾಗಬಹುದು, ಬಾಯಿ ಕ್ಯಾನ್ಸರ್‌ಗೂ ಅದು ಕಾರಣ. ಸ್ಕ್ರೂ ಯಾವುದು ಅನ್ನೋದಕ್ಕಿಂತ ಮೊದಲು ಅಮ್ಮನ ಬಾಯಿ ಪರೀಕ್ಷೆ ಆಗಲಿ.