ನಿಮಗಿದು ಗೊತ್ತೇ? ಪಿಯುಸಿ ಲ್ಯಾಬಿನ ಉಪ್ಪು, ಆಮ್ಲಗಳ ಸಂಗತಿ

ದ್ವಿತೀಯ ಪಿಯುಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ ಎಂದರೆ ಮಕ್ಕಳಿಗೆ ಎರಡು ದೊಡ್ಡ ಚಿಂತೆ: ಟೈಟ್ರೇಶನ್, ಸಾಲ್ಟ್ ಅನಾಲಿಸಿಸ್. ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಮರೆಯುವವರೇ ಹೆಚ್ಚು. ಆದರೆ ಅದೇ ಕ್ರಿಯೆಗಳು ಮತಗಟ್ಟೆಯಲ್ಲೂ ಅಡಿಕೆ ತೋಟದಲ್ಲೂ ಇಂದಿಗೂ ಕೆಲಸ ಮಾಡುತ್ತಿವೆ.

ಓಟು ಹಾಕಿದಾಗ ನಿಮ್ಮ ಎಡಗೈ ತೋರುಬೆರಳಿನ ಮೇಲೆ ನಡೆಯುವುದು ಕ್ಲೋರೈಡ್ ಪರೀಕ್ಷೆ ಎಂದು ಗೊತ್ತೇ? ಲ್ಯಾಬಿನಲ್ಲಿ ಉಪ್ಪಿನ ದ್ರಾವಣಕ್ಕೆ ತುಸು ಸಾರರಿಕ್ತ ನೈಟ್ರಿಕ್ ಆಮ್ಲ ಸೇರಿಸಿ ಸಿಲ್ವರ್ ನೈಟ್ರೇಟಿನ ಒಂದೆರಡು ಹನಿ ಬಿಡುತ್ತಾರೆ. ಕ್ಲೋರೈಡ್ ಇದ್ದರೆ ಒಡೆದ ಹಾಲಿನಂಥ ಬಿಳಿ ಪ್ರಕ್ಷೇಪ ಕೂಡಲೇ ಕಾಣುತ್ತದೆ. ಅದು ಸಿಲ್ವರ್ ಕ್ಲೋರೈಡ್. ಟೆಸ್ಟ್ ಟ್ಯೂಬನ್ನು ಕಿಟಕಿಯ ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಬಿಳಿ ಹೋಗಿ ಬೂದು ನೇರಳೆ ಬರುತ್ತದೆ. ಮತದಾರರ ಶಾಯಿಯಲ್ಲಿರುವುದೂ ಸಿಲ್ವರ್ ನೈಟ್ರೇಟೇ. ಚರ್ಮದ ಮೇಲಿನ ಉಪ್ಪಿನಂಶದೊಡನೆ ಅದು ಕೂಡಿಕೊಂಡು, ಬೆಳಕು ಬಿದ್ದು ಕಪ್ಪಾಗುತ್ತದೆ. ನೀರಿಗೆ ಕರಗುವುದಿಲ್ಲ, ಸೋಪಿಗೆ ಬಗ್ಗುವುದಿಲ್ಲ. ಹಳೆಯ ಚರ್ಮ ಉದುರಬೇಕು, ಉಗುರು ಬೆಳೆದು ಕತ್ತರಿಸಬೇಕು, ಆಗಲೇ ಹೋಗುವುದು. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಆರಂಭವಾಗಿ, ಈಗ ರಾಜ್ಯ ಸರ್ಕಾರದ ಕಂಪನಿಯಾಗಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಇದನ್ನು ಪೂರೈಸುತ್ತಿದೆ.

ಸಿಲ್ವರ್ ನೈಟ್ರೇಟ್ ಕ್ಲೋರೈಡನ್ನು ಹೀಗೆ ಕೂಡಲೇ ತೋರಿಸಿಕೊಡುವುದರಿಂದಲೇ ಸಾಲ್ಟ್ ಅನಾಲಿಸಿಸ್‌ಗೆ ನಲ್ಲಿ ನೀರು ಬಳಸಬಾರದು. ಬೋರ್‌ವೆಲ್ ನೀರಿನಲ್ಲೇ ಕ್ಲೋರೈಡ್ ಇರುತ್ತದೆ, ಎಲ್ಲ ಉಪ್ಪೂ ಕ್ಲೋರೈಡಿನಂತೆ ಕಾಣುತ್ತದೆ. ಡಿಸ್ಟಿಲ್ಡ್ ವಾಟರ್ ಬಾಟಲಿ ಮೇಜಿನ ಮೇಲಿರುವುದು ಇದಕ್ಕೇ.

ಲಂಚ ಪಡೆದವರನ್ನು ಹಿಡಿದುಕೊಡುವುದು ಟೈಟ್ರೇಶನ್ನಿನ ಸೂಚಕ. ಲೋಕಾಯುಕ್ತ ಪೊಲೀಸರು ಟ್ರ್ಯಾಪ್‌ಗೆ ಮುಂಚೆ ನೋಟುಗಳಿಗೆ ಫಿನಾಲ್ಫ್ತಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ತೆಳುವಾಗಿ ಸವರಿದರೆ ಕಣ್ಣಿಗೆ ಬೀಳುವುದಿಲ್ಲ. ನೋಟು ಮುಟ್ಟಿದವರ ಬೆರಳನ್ನು ಆಮೇಲೆ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ಕಾರ್ಬೊನೇಟ್ ದ್ರಾವಣ ಪ್ರತ್ಯಾಮ್ಲೀಯ. ಅದರಲ್ಲಿ ಫಿನಾಲ್ಫ್ತಲೀನ್ ಬೆರೆತರೆ ಗುಲಾಬಿ ಬಣ್ಣ ತಪ್ಪುವುದಿಲ್ಲ. ಆ ನೀರನ್ನು ಬಾಟಲಿಗೆ ತುಂಬಿ, ಪಂಚರ ಮುಂದೆ ಸೀಲ್ ಮಾಡಿ, ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದಾಳಿಗೆ ಹೊರಡುವ ಮೊದಲೇ ಪಂಚರಿಗೆ ಈ ಬಣ್ಣ ಬದಲಾವಣೆಯನ್ನು ಮಾಡಿ ತೋರಿಸುವ ಕ್ರಮವೂ ಇದೆ. ಬ್ಯೂರೆಟ್ ಎದುರು ನಿಂತು ‘ಯಾಕಪ್ಪಾ ಇದನ್ನು ಕಲೀಬೇಕು’ ಎನ್ನುವ ವಿದ್ಯಾರ್ಥಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಮೊದಲು ತಯಾರಿಸಿದ ಇದೇ ಫಿನಾಲ್ಫ್ತಲೀನ್, ದಶಕಗಳ ಕಾಲ ಮಲಬದ್ಧತೆಯ ಮಾತ್ರೆಯಾಗಿಯೂ ಮಾರಾಟವಾಗಿತ್ತು.

ಹೈಸ್ಕೂಲಿನ ಸೂಚಕವಂತೂ ಅಡುಗೆಮನೆಯಲ್ಲೇ ಇದೆ. ಆರತಿ ತಟ್ಟೆಯ ಕೆಂಪು ನೀರು ಅರಿಶಿನಕ್ಕೆ ಸುಣ್ಣ ಬೆರೆಸಿದ್ದು. ಅದಕ್ಕೆ ನಿಂಬೆಹಣ್ಣು ಹಿಂಡಿ, ಮತ್ತೆ ಹಳದಿಯಾಗುತ್ತದೆ.

ಪರ್ಮಾಂಗನೇಟ್ ಟೈಟ್ರೇಶನ್‌ಗೆ ಬೇರೆ ಸೂಚಕವೇ ಬೇಡ, ಅದರ ಬಣ್ಣವೇ ಸೂಚಕ. ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ಬಿಟ್ಟ ಮೊದಲ ಹನಿಗಳ ಬಣ್ಣ ನಿಧಾನವಾಗಿ ಮಾಯವಾಗುತ್ತದೆ, ಆಮೇಲಿನ ಹನಿಗಳದು ಬಿದ್ದ ಕೂಡಲೇ. ಏಕೆಂದರೆ ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಮುಂದಿನ ಕ್ರಿಯೆಗೆ ಕ್ರಿಯಾವರ್ಧಕ. ಇಲ್ಲಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನೇ ಹಾಕಬೇಕು. ಹೈಡ್ರೊಕ್ಲೋರಿಕ್ ಹಾಕಿದರೆ ಪರ್ಮಾಂಗನೇಟ್ ಅದರಿಂದ ಕ್ಲೋರಿನ್ ಹೊರಡಿಸಲು ಖರ್ಚಾಗುತ್ತದೆ, ನೈಟ್ರಿಕ್ ತಾನೇ ಉತ್ಕರ್ಷಣಕಾರಿ. ವೈವಾದಲ್ಲಿ ಬಹಳ ಸಲ ಕೇಳುವ ಪ್ರಶ್ನೆ ಇದು.

ಇಡೀ ಸಾಲ್ಟ್ ಅನಾಲಿಸಿಸ್‌ನಲ್ಲಿ ನನಗೆ ಅತಿ ಚಂದವಾಗಿ ಕಾಣುವುದು ನೈಟ್ರೇಟಿನ ಕಂದು ಉಂಗುರ. ಉಪ್ಪಿನ ದ್ರಾವಣಕ್ಕೆ ಆಗಷ್ಟೇ ಮಾಡಿದ ಫೆರಸ್ ಸಲ್ಫೇಟ್ ಸೇರಿಸಿ, ಟೆಸ್ಟ್ ಟ್ಯೂಬನ್ನು ಓರೆಯಾಗಿ ಹಿಡಿದು, ಒಳಗೋಡೆಯ ಗುಂಟ ಸಾರೀಕೃತ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಇಳಿಸಬೇಕು. ಆಮ್ಲ ನೀರಿಗಿಂತ 1.84 ಪಟ್ಟು ಭಾರ, ಸೀದಾ ತಳ ಸೇರುತ್ತದೆ. ಎರಡು ಪದರ ಕೂಡುವಲ್ಲಿ ತೆಳ್ಳನೆಯ ಕಂದು ಗೆರೆ ಮೂಡುತ್ತದೆ. ಅವಸರಪಟ್ಟು ಅಲುಗಿಸಿದರೆ ಉಂಗುರ ಹೋಯಿತು. ಫೆರಸ್ ಸಲ್ಫೇಟ್ ಹಳೆಯದಾದರೂ ಉಂಗುರ ಸರಿಯಾಗಿ ಮೂಡದು, ಗಾಳಿಗೆ ಅದು ಫೆರಿಕ್ ಆಗಿಬಿಟ್ಟಿರುತ್ತದೆ.

ಪ್ಲಾಟಿನಂ ತಂತಿಯ ತುದಿಗೆ ಉಪ್ಪು ಅಂಟಿಸಿ ಜ್ವಾಲೆಗೆ ಹಿಡಿದರೆ ಕ್ಯಾಲ್ಸಿಯಂ ಇಟ್ಟಿಗೆ ಕೆಂಪು, ಸ್ಟ್ರಾನ್ಷಿಯಂ ಕಡುಗೆಂಪು, ಬೇರಿಯಂ ಎಳೆಹಸಿರು. ದೀಪಾವಳಿ ಪಟಾಕಿಯ ಕೆಂಪು ಸ್ಟ್ರಾನ್ಷಿಯಂನದು, ಹಸಿರು ಬೇರಿಯಂನದು. ಸೋಡಿಯಂ ಮಾತ್ರ ಎಲ್ಲರಿಗೂ ಅಡ್ಡ ಬರುತ್ತದೆ. ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಕೋಣೆಯ ಒಂದು ಮೂಲೆಯಲ್ಲಿ ಬರೀ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯೊಡನೆ ಸಿಡಿಸಿದರು. ಕೆಲವೇ ನಿಮಿಷದಲ್ಲಿ ಆಚೆ ಉರಿಯುತ್ತಿದ್ದ ಜ್ವಾಲೆಯಲ್ಲಿ ಸೋಡಿಯಂನ ಹಳದಿ ಗೆರೆ ಕಾಣಿಸಿಕೊಂಡಿತು! ಬೆವರಿದ ಬೆರಳು ತಗುಲಿದ ತಂತಿ ಹಳದಿ ಉರಿಯುವುದು ಇದಕ್ಕೇ. ತಂತಿಯನ್ನು ಪ್ರತಿ ಸಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಿ ಸುಡಬೇಕು. ಅವರಿಬ್ಬರೂ ಇದೇ ವಿಧಾನದಿಂದ 1860ರಲ್ಲಿ ಖನಿಜಜಲದಲ್ಲಿ ಸೀಸಿಯಂ ಎಂಬ ಹೊಸ ಧಾತುವನ್ನೇ ಕಂಡುಹಿಡಿದರು.

ಮಲೆನಾಡಿನ ಅಡಿಕೆ ಬೆಳೆಗಾರರಿಗೂ ಹೈಸ್ಕೂಲಿನ ಒಂದು ಪ್ರಯೋಗ ಚೆನ್ನಾಗಿ ಗೊತ್ತು. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆ.ಜಿ. ಸುಣ್ಣ. ಹದ ಬಂದಿದೆಯೇ ಎಂದು ನೋಡಲು ಉಜ್ಜಿದ ಕಬ್ಬಿಣದ ಚಾಕುವನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ. ಕಾಪರ್ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದುವ ಶಾಲೆಯ ಪ್ರಯೋಗವೇ ಇದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನಮ್ಮ ಅಡಿಕೆ ತೋಟಗಳಿಗೆ ಈ ಮದ್ದನ್ನು ತಂದವರು. ಮಲೆನಾಡು ಅವರನ್ನು ಇನ್ನೂ ಹೆಚ್ಚು ನೆನೆಯಬೇಕು.

ಆಮ್ಲಕ್ಕೆ ಲೋಹ ಹಾಕಿ ಕಾಯುವ ಸಾದಾ ಕೆಲಸದಿಂದಲೇ ಭಾರತದ ಆಧುನಿಕ ರಸಾಯನ ಸಂಶೋಧನೆಯ ಹೆಸರು ಹೊರಗೆ ಹೋಯಿತು. 1896ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಸಾರರಿಕ್ತ ನೈಟ್ರಿಕ್ ಆಮ್ಲಕ್ಕೆ ಪಾದರಸ ಹಾಕಿದ್ದಾಗ ಹಳದಿ ಹರಳು ಕಟ್ಟಿತು. ಮೊದಲ ನೋಟಕ್ಕೆ ಅದು ಬೇಸಿಕ್ ಸಾಲ್ಟ್ ಅನ್ನಿಸಿತು. ಆದರೆ ಆಮ್ಲ ತುಂಬಿದ ದ್ರಾವಣದಲ್ಲಿ ಬೇಸಿಕ್ ಸಾಲ್ಟ್ ಹುಟ್ಟುವುದು ಹೇಗೆ? ಅವರು ಅಷ್ಟಕ್ಕೇ ಬಿಡದೆ ವಿಶ್ಲೇಷಿಸಿದರು. ಅದು ಮರ್ಕ್ಯುರಸ್ ನೈಟ್ರೈಟ್.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1879ರಲ್ಲಿ ಕಾನ್‌ಸ್ಟಂಟಿನ್ ಫಾಲ್‌ಬರ್ಗ್ ಕೈ ತೊಳೆಯದೆ ಊಟಕ್ಕೆ ಕೂತು, ಬ್ರೆಡ್ ಸಿಹಿಯಾಗಿದ್ದನ್ನು ಕಂಡದ್ದರಿಂದ ಸ್ಯಾಕರಿನ್ ಸಿಕ್ಕಿತು. ಯಾರೂ ಇದನ್ನು ಅನುಸರಿಸಬೇಡಿ. ಬೇರಿಯಂ, ಸೀಸದ ಕರಗುವ ಉಪ್ಪುಗಳು ವಿಷ.

ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮೂಗನ್ನೇ ಮೋಸಗೊಳಿಸುತ್ತದೆ. ಗಾಳಿಯಲ್ಲಿ ಅದು ಹೆಚ್ಚಾದರೆ ವಾಸನೆ ಹಿಡಿಯುವ ಶಕ್ತಿಯೇ ನಿಂತುಹೋಗುತ್ತದೆ. ವಾಸನೆ ಇಲ್ಲವಾಯಿತೆಂದು ಧೈರ್ಯ ಪಡಬೇಡಿ, ಕಿಟಕಿ ತೆಗೆದು ಹೊರಗೆ ಬನ್ನಿ.

ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು. ಸಲ್ಫ್ಯೂರಿಕ್ ಆಮ್ಲದ ಮೇಲೆ ನೀರು ಬಿದ್ದರೆ ಹುಟ್ಟುವ ಶಾಖಕ್ಕೆ ನೀರು ಅಲ್ಲೇ ಕುದಿದು ಆಮ್ಲವನ್ನು ಮುಖಕ್ಕೆ ಸಿಡಿಸುತ್ತದೆ. ಲ್ಯಾಬಿನ ಬರ್ನರ್‌ಗೆ ಹೆಸರು ಕೊಟ್ಟ ಬುನ್ಸೆನ್ ತಮ್ಮ ಮೂವತ್ತರ ಆಸುಪಾಸಿನಲ್ಲೇ, ಆರ್ಸೆನಿಕ್ ಸಂಯುಕ್ತವೊಂದು ಸಿಡಿದು, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದರು. ನಿಮ್ಮ ಮನೆಯಲ್ಲಿ ಸೈನ್ಸ್ ಓದುವ ಮಕ್ಕಳಿದ್ದರೆ, ರೆಕಾರ್ಡ್ ಬುಕ್ ಕೊಡಿಸುವ ದಿನವೇ ಒಂದು ಸುರಕ್ಷಾ ಕನ್ನಡಕವನ್ನೂ ಕೊಡಿಸಿ.